ಎರಡು-ಒಂದು, ಒಂದು-ಎರಡು

ಟೋರ್ಕಿಲ್ ಇಪ್ಪತ್ತೆರಡು ವರ್ಷಗಳಿಂದ ಆರನೇ ತರಗತಿಗೆ ಸಂಭವನೀಯತೆಯನ್ನು ಒಂದೇ ಒಂದು ನಾಣ್ಯದಿಂದ ಕಲಿಸುತ್ತಿದ್ದ. ನಾಣ್ಯ ಚಿಮ್ಮುವುದು, ಅಂಗೈಯಲ್ಲಿ ಹಿಡಿಯುವುದು, "ಅರ್ಧಕ್ಕರ್ಧ, ಅರ್ಥ ಆಯ್ತಾ?" ಎನ್ನುವುದು, ಉತ್ತರಕ್ಕೆ ಕಾಯದೆ ಪುಟ ತಿರುಗಿಸುವುದು. ಅರ್ಥವಾಗದಿದ್ದರೆ ಅದು ಮಕ್ಕಳ ಹಣೆಬರಹ. ಇಷ್ಟನ್ನೇ ಅವನು ಅನುಭವ ಎಂದು ಕರೆಯುತ್ತಿದ್ದ.

ಅವನ ಕೈಕೆಳಗೆ ತರಬೇತಿಗೆ ಬಂದಿದ್ದ ಮಾರೆನ್‌ಗೆ ಆರೇ ವಾರದಲ್ಲಿ ಅವನ ಮೇಲಿನ ಗೌರವವೆಲ್ಲ ಸವೆದುಹೋಗಿತ್ತು. ಆದರೆ ಬಾಯಿಬಿಟ್ಟು ಹೇಳುವ ಜಾಯಮಾನ ಅವಳದಲ್ಲ. ಇಂದು ಅವಳ ಕೊನೆಯ ಪಾಠ. ಪಾಠದ ನಂತರ ಟೋರ್ಕಿಲ್ 'ಉತ್ತೀರ್ಣ' ಎಂದು ಸಹಿ ಹಾಕಿದರೆ ಬೇಸಿಗೆಯ ಹೊತ್ತಿಗೆ ಅವಳು ಶಿಕ್ಷಕಿ. ಹಾಕದಿದ್ದರೆ ಒಂದು ವರ್ಷ ಮಣ್ಣುಪಾಲು.

ಅವಳು ನಾಣ್ಯ ತರಲಿಲ್ಲ. ಹನ್ನೆರಡು ಚರ್ಮದ ಲೋಟ, ಒಂದೊಂದರಲ್ಲಿ ಎರಡೆರಡು ಬಿಳಿ ದಾಳ ತಂದಳು. ಮಾಯರ್ ಎಂಬ ದಾಳದಾಟ ಆಡದ ಮಗು ಡೆನ್ಮಾರ್ಕಿನಲ್ಲಿ ಎಲ್ಲಿದೆ? ಬೇಸಿಗೆಮನೆಯಲ್ಲಿ ಗಾಳಿ ಜೋರಾದರೆ ಅಜ್ಜಿಯೂ ಮೊಮ್ಮಕ್ಕಳೂ ಕೂತು ಲೋಟ ಕುಲುಕುತ್ತಾರೆ, ಬಿದ್ದದ್ದನ್ನು ಮುಚ್ಚಿಟ್ಟುಕೊಂಡು ಕಣ್ಣು ಪಿಳುಕಿಸದೆ ಸುಳ್ಳು ಹೇಳುತ್ತಾರೆ. ಒಂದು ದಾಳದಲ್ಲಿ ಎರಡು, ಇನ್ನೊಂದರಲ್ಲಿ ಒಂದು ಬಿದ್ದರೆ ಅದೇ ಮಾಯರ್. ಅದರ ಮೇಲೆ ಮತ್ತೊಂದಿಲ್ಲ. ಜೋಡಿ ಆರು ಕೂಡ ಅದರ ಕೆಳಗೆ.

"ಮಾಯರ್, ಜೋಡಿ ಆರು. ಇವೆರಡರಲ್ಲಿ ಅಪರೂಪಕ್ಕೆ ಬೀಳೋದು ಯಾವುದು?" ಮಾರೆನ್ ಕೇಳಿದಳು.

"ಮಾಯರ್!" ಇಡೀ ತರಗತಿ ಕೂಗಿತು.

"ಮತ್ತಿನ್ನೇನು," ಹಿಂದಿನ ಕುರ್ಚಿಯಿಂದ ಟೋರ್ಕಿಲ್ ಹೇಳಿದ. ಅವನ ಬಾಯಲ್ಲಿ ರೈ ರೊಟ್ಟಿಯಿತ್ತು. "ಅಪರೂಪ ಆಗಿರೋದಕ್ಕೇ ಅದನ್ನ ಎಲ್ಲಕ್ಕಿಂತ ಮೇಲಿಟ್ಟಿದಾರೆ. ಮುಂದಕ್ಕೆ ಹೋಗು, ಮಾರೆನ್."

ಮಾರೆನ್‌ಳ ಕಿವಿ ಬಿಸಿಯಾಯಿತು. ಮಕ್ಕಳು ತಪ್ಪು ಹೇಳಲಿ ಎಂದೇ ಅವಳು ಆ ಪ್ರಶ್ನೆ ಕೇಳಿದ್ದಳು. ಗಣಿತದ ಮೇಷ್ಟ್ರು ಅದೇ ಹಳ್ಳಕ್ಕೆ ಹನ್ನೆರಡು ವರ್ಷದವರ ಜೊತೆ ಕೈಹಿಡಿದು ಹಾರಬಹುದೆಂದು ಎಣಿಸಿರಲಿಲ್ಲ. ದೊಡ್ಡ ಕುರ್ಚಿಯಲ್ಲಿ ಕೂತವನೇ ಬುದ್ಧಿವಂತ ಎಂದು ನಂಬಿದವನಿಗೆ, ದೊಡ್ಡ ಹೆಸರಿನ ದಾಳವೇ ಅಪರೂಪ ಎನಿಸಿದ್ದರಲ್ಲಿ ಆಶ್ಚರ್ಯವೇನು! ಸುಮ್ಮನಿದ್ದರೆ ಸಹಿ ಸಿಗುತ್ತದೆ ಎಂದು ಮನಸ್ಸು ಪಿಸುಗುಟ್ಟಿತು.

"ಎಸೆದು ನೋಡೋಣ," ಎಂದಳು.

ಹನ್ನೆರಡು ಗುಂಪು, ತಲಾ ಹತ್ತು ಸಲ. ಹಾಳು ದಾಳ ಅವಳ ಕೈ ಬಿಟ್ಟಿತು: ಮಾಯರ್ ನಾಲ್ಕು, ಜೋಡಿ ಆರು ಐದು.

"ನೋಡಿದ್ಯಾ!" ಟೋರ್ಕಿಲ್ ತೊಡೆ ತಟ್ಟಿಕೊಂಡ. "ದಾಳಕ್ಕೂ ಗೊತ್ತು, ಈ ಹುಡುಗಿಗೆ ಗೊತ್ತಿಲ್ಲ."

"ನೂರಿಪ್ಪತ್ತು ಸಲ ಸಾಲದು," ಎನ್ನುತ್ತ ಮಾರೆನ್ ಹಲಗೆಯ ಮೇಲೆ ಆರು ಅಡ್ಡಸಾಲು, ಆರು ಕಂಬಸಾಲು, ಮೂವತ್ತಾರು ಚೌಕ ಎಳೆದಳು. "ಅದೃಷ್ಟ ಸ್ವಲ್ಪ ಹೊತ್ತು ಆಟ ಆಡಿಸುತ್ತೆ. ಎಷ್ಟು ದಾರಿ ಇದೆ ಅಂತ ಎಣಿಸೋಣ. ಎಡಗಡೆ ದಾಳದಲ್ಲಿ ಎರಡು, ಬಲಗಡೆದರಲ್ಲಿ ಒಂದು, ಇದೊಂದು ಚೌಕ. ಎಡದಲ್ಲಿ ಒಂದು, ಬಲದಲ್ಲಿ ಎರಡು, ಇದಿನ್ನೊಂದು. ಜೋಡಿ ಆರಿಗೆ?"

"ಒಂದೇ," ಯಾರೋ ಅನುಮಾನಿಸುತ್ತ ಹೇಳಿದರು.

"ತಡಿ ತಡಿ. ಎರಡು-ಒಂದು, ಒಂದು-ಎರಡು, ಎರಡೂ ಅದೇ ಮಾಯರ್ ತಾನೆ? ಒಂದೇ ಹಸೂನ ಎರಡು ಸಲ ಎಣಿಸ್ತಾ ಇದೀಯ. ಬೇಕಾದ್ರೆ ಎರಡೂ ಸಮ ಅನ್ನು," ಎಂದ ಟೋರ್ಕಿಲ್. ಗಳಿಗೆಯ ಹಿಂದೆ ಅಪರೂಪವಾಗಿದ್ದದ್ದು ಈಗ ಸಮವಾಗಿತ್ತು. ಆದರೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಆಗ ಎರಡನೇ ಬೆಂಚಿನ ಸೋಲ್ವಾಯ್ ಎಂಬ ಹುಡುಗಿ ತಿರುಗಿ ಕೂತಳು. ಮೇಷ್ಟ್ರನ್ನೂ ಹೆಸರು ಹಿಡಿದು ಏಕವಚನದಲ್ಲೇ ಮಾತಾಡಿಸುವುದು ಅಲ್ಲಿನ ರೂಢಿ.

"ಟೋರ್ಕಿಲ್, ನಮ್ಮಜ್ಜಿ ಹತ್ರ ಒಂದು ದಾಳ ಕೆಂಪು, ಒಂದು ಬಿಳಿ. ಕೆಂಪಲ್ಲಿ ಎರಡು ಬಿದ್ರೂ ಮಾಯರ್ರೇ, ಬಿಳೀಲಿ ಎರಡು ಬಿದ್ರೂ ಮಾಯರ್ರೇ. ಅಲ್ಲಿ ಎರಡು ದಾರಿ ಇದೆ ಅಲ್ವಾ?"

"ಅದು ಬಣ್ಣದ ದಾಳ. ಬೇರೆ ವಿಷಯ."

"ಹಾಗಿದ್ರೆ ಬಣ್ಣ ಬಳಿದ್ರೆ ಜಾಸ್ತಿ ಮಾಯರ್ ಬೀಳುತ್ತಾ? ನಮ್ಮಜ್ಜನಿಗೆ ಬಣ್ಣ ಕಾಣಲ್ಲ. ಅದೇ ಮೇಜಲ್ಲಿ ಕೂತು ಅವನಿಗೆ ಮಾತ್ರ ಕಮ್ಮಿ ಬೀಳುತ್ತಾ?"

ತರಗತಿ ಘೊಳ್ಳೆಂದಿತು. ಟೋರ್ಕಿಲ್ ರೊಟ್ಟಿಯ ಡಬ್ಬಿಯ ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ. "ತಲೆಹರಟೆ ಸಾಕು," ಎಂದ. ಲೋಟಗಳು ಮತ್ತೆ ಕುಲುಕಿದವು. ಗಂಟೆ ಹೊಡೆಯುವಷ್ಟರಲ್ಲಿ ಒಟ್ಟು ಎಸೆತ ಐನೂರು ದಾಟಿತ್ತು: ಮಾಯರ್ ಮೂವತ್ತೊಂದು, ಜೋಡಿ ಆರು ಹದಿನಾಲ್ಕು. ಮಕ್ಕಳು ಅಂಕಿಗಳನ್ನು ಕಿರುಚಿಕೊಂಡೇ ಅಂಗಳಕ್ಕೆ ಓಡಿದರು.

ಕೋಣೆಯಲ್ಲಿ ಇಬ್ಬರೇ ಉಳಿದರು. ಟೋರ್ಕಿಲ್ ಫಾರ್ಮನ್ನು ಮೇಜಿನ ಮೇಲೆ ಹರಡಿದ.

"ನಾಳೆ ಮಕ್ಕಳಿಗೆ ಹೇಳ್ತೀಯ, ಎರಡೂ ಸಮ ಅಂತ, ನೀನೇ ಗಡಿಬಿಡೀಲಿ ಎಣಿಸಿದ್ದೆ ಅಂತ. ಸಹಿ ಈಗಲೇ ಹಾಕ್ತೀನಿ."

"ಹೇಳಲ್ಲ."

ಅವನು ಕತ್ತೆತ್ತಿ ನೋಡಿದ. ಆರು ವಾರದಲ್ಲಿ ಅವಳು ಅವನ ಮಾತನ್ನು ಮುಖಕ್ಕೇ ತಿರಸ್ಕರಿಸಿದ್ದು ಇದೇ ಮೊದಲು.

"ಹಂಗಾದ್ರೆ ಅನುತ್ತೀರ್ಣ."

"ಬರಿ. ಕೆಳಗೆ ಕಾರಣಾನೂ ಬರೀಬೇಕು. ಅದು ನಮ್ಮ ತರಬೇತಿ ಕಾಲೇಜಿನ ಗಣಿತ ವಿಭಾಗಕ್ಕೆ ಹೋಗುತ್ತೆ."

ಪೆನ್ನು ಕಾಗದದ ಮೇಲೆ ನಿಂತಿತು. ಕಾರಣ ಬರೆಯಲು ಮೂರು ಗೆರೆ ಜಾಗವಿತ್ತು. ಎರಡು-ಒಂದು, ಒಂದು-ಎರಡು ಒಂದೇ ಎಂದು ಆ ಮೂರು ಗೆರೆಗಳಲ್ಲಿ ಬರೆದು ಹೆಸರು ಹಾಕುವ ಧೈರ್ಯ ಈ ಮನುಷ್ಯನಿಗಿಲ್ಲ ಎಂಬುದು ಮಾರೆನ್‌ಗೆ ಸ್ಪಷ್ಟವಾಗಿ ಕಂಡಿತು. ಇಂಥವನಿಗೆ ಇಷ್ಟು ದಿನ ಹೆದರಿದೆನಲ್ಲ ಎಂದು ತನ್ನ ಮೇಲೂ ಅವಳಿಗೆ ಅಸಹ್ಯವಾಯಿತು.

"ದನಿ ಚಿಕ್ಕದು ಅಂತ ಬರೀತೀನಿ," ಕೊನೆಗೆ ಅವನು ಹೇಳಿದ. "ಹಿಂದಿನ ಸಾಲಿಗೆ ಕೇಳಿಸಲ್ಲ."

"ಹಿಂದಿನ ಸಾಲಲ್ಲಿ ಕೂತಿದ್ದವನು ನೀನೇ. ಒಂದೊಂದು ಮಾತಿಗೂ ಉತ್ತರ ಕೊಟ್ಟಿದೀಯ, ಟೋರ್ಕಿಲ್. ಇಪ್ಪತ್ತನಾಲ್ಕು ಮಕ್ಕಳು ಕೇಳಿಸಿಕೊಂಡಿದಾರೆ."

ಅವನು 'ಉತ್ತೀರ್ಣ' ಎಂದು ಗೀಚಿದ. ಸಹಿ ಹಾಕಿದ. ಮೂರೂ ಗೆರೆ ಖಾಲಿ ಬಿಟ್ಟ. ಕಾಗದವನ್ನು ಎಂಜಲು ತಟ್ಟೆ ತಳ್ಳುವ ಹಾಗೆ ಅವಳತ್ತ ತಳ್ಳಿದ.

ಊಟಕ್ಕೆ ಧನ್ಯವಾದ, ಕಾಫಿಗೆ ಧನ್ಯವಾದ, ಹೋದ ಸಲ ಭೇಟಿಯಾಗಿದ್ದಕ್ಕೂ ಈ ಸಲ ಧನ್ಯವಾದ ಎನ್ನುವ ಊರು ಅದು. 'ಇವತ್ತಿನ ದಿನಕ್ಕೆ ಧನ್ಯವಾದ' ಎನ್ನದೆ ಯಾರೂ ಕೆಲಸದಿಂದ ಎದ್ದು ಹೋಗುವುದಿಲ್ಲ. ಟೋರ್ಕಿಲ್ ಆ ಮಾತಿಗಾಗಿ ಕಾದ.

ಮಾರೆನ್ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡಳು. ಕೋಟಿನ ಗುಂಡಿಗಳನ್ನು ಒಂದೊಂದಾಗಿ, ನಿಧಾನವಾಗಿ ಹಾಕಿಕೊಂಡಳು. ಏನೂ ಹೇಳದೆ ಹೊರಟುಹೋದಳು.