ಸನ್ಮಾನ ಸಾಕು, ಫೈಲು ಕೊಡ್ರಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮವ್ವ ಪರಸವ್ವ ಓಣಿಗೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಇರಲಿ, ಸುಳ್ಳಲ್ಲ. ಆದರೆ ಕಲಿಯಲು ಹೋದವಳಿಗೆ ಕಲಿಸುವುದು ಬಿಟ್ಟು ದಿನಾ ಶಾಲು ಹೊದಿಸಿದರೆ ಯಾರಿಗೆ ಸಿಟ್ಟು ಬರುವುದಿಲ್ಲ, ನೀವೇ ಹೇಳಿ!

ವಿಜಯಪುರದ ಹಿರಿಯ ವಕೀಲರು ಗುರಲಿಂಗಪ್ಪನವರು. ಕಾನೂನು ಓದುವ ದಲಿತ ಮಕ್ಕಳಲ್ಲಿ ವರ್ಷಕ್ಕೊಬ್ಬರನ್ನು ರಜೆಯ ಎರಡು ತಿಂಗಳು ತಮ್ಮ ಆಫೀಸಿನಲ್ಲಿ ಇಟ್ಟುಕೊಂಡು, ಸಂಬಳ ಕೊಟ್ಟು ಕಲಿಸುತ್ತೇನೆ ಎಂದು ಅವರು ಸಾರಿದರು. ಮೊದಲ ಇಂಟರ್ನ್ ನಾನೇ, ತಿಕೋಟಾದ ಸಂಘಮಿತ್ರಾ. ಸಂಬಳ ಎಂಬ ಮಾತು ಕೇಳಿ ನಮ್ಮ ಮನೆಯಲ್ಲಿ ಎಲ್ಲರ ಕಿವಿ ನೆಟ್ಟಗಾದವು. ನನ್ನ ಅಣ್ಣ ರಾಜಾರಾಮನೂ ವಕೀಲನಾಗಿದ್ದ. ಒಬ್ಬ ಸೀನಿಯರ್ ಹತ್ತಿರ ಪುಕ್ಕಟೆ ದುಡಿದು ದುಡಿದು, ಬಸ್ಸಿನ ಖರ್ಚಿಗೂ ಅಪ್ಪನ ಮುಖ ನೋಡಬೇಕಾಗಿ ಬಂದು, ಕಡೆಗೆ ಬ್ಯಾಂಕಿನ ಪರೀಕ್ಷೆ ಬರೆದು ಆ ಕಡೆ ಹೋದ. ಅವನ ಕರಿ ಕೋಟು ಇನ್ನೂ ಟ್ರಂಕಿನಲ್ಲಿದೆ. ನನ್ನನ್ನು ಬಸ್ಸು ಹತ್ತಿಸುವಾಗ ಅಪ್ಪ ದಶರಥ ಹೇಳಿದ್ದು ಇಷ್ಟೇ.

"ಒಂದ ಒಂದು ದಾವೆ ನಿನ್ನ ಕೈಲೆ ಬರದು ಬಾ ಯವ್ವಾ. ಆಮ್ಯಾಲ ಆ ಕೋಟು ತಗಿಯೂಣು."

ಮೊದಲ ದಿನ ಆಫೀಸಿನಲ್ಲಿ ಹಾರ, ಶಾಲು, ಫೋಟೊ. ಆಯಿತು, ಸ್ವಾಗತ ಅಂದುಕೊಂಡೆ. ಮರುದಿನ ಇಟ್ಟಂಗಿಹಾಳದ ಶಾಲೆಯಲ್ಲಿ ಶಾಲು. ಆಮೇಲೆ ಜಲನಗರದ ಮಹಿಳಾ ಸಂಘದಲ್ಲಿ ಶಾಲಿನ ಜೊತೆ ತೆಂಗಿನಕಾಯಿ. ಎಲ್ಲಿ ಮೈಕು ಕಂಡರೂ ಸರ್ ನನ್ನನ್ನು ಕಾರಿನಲ್ಲಿ ಹಾಕಿಕೊಂಡು ಹೊರಟೇ ಬಿಡುತ್ತಿದ್ದರು. ಆಫೀಸಿನಲ್ಲಿ ಫ್ಯಾನಿನ ಕೆಳಗಿನ ಕುರ್ಚಿ ನನಗೆ. ಫೈಲಿಗೆ ಕೈ ಚಾಚಿದರೆ ಸಾಕು, "ಬ್ಯಾಡವಾ, ನೀ ಆರಾಮ ಕೂಡು, ಚೇತನ ಮಾಡ್ತಾನ" ಎನ್ನುತ್ತಿದ್ದರು. ಚೇತನಕುಮಾರ ಅವರ ಜೂನಿಯರ್. ಅವನಿಗೆ ಮಾತ್ರ ದಿನವಿಡೀ ಬೈಗುಳ. "ಲೇ ಚೇತನ್ಯಾ, ಇದನ್ನ ದಾವೆ ಅಂತಾರೇನಲೇ? ಹರದ ಒಗಿ!" ಅವನು ಹರಿದು ಮತ್ತೆ ಬರೆಯುತ್ತಿದ್ದ, ಮತ್ತೆ ಬೈಸಿಕೊಳ್ಳುತ್ತಿದ್ದ, ಕಲಿಯುತ್ತಿದ್ದ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಸಂಜೆ ಮನೆಗೆ ಬಂದರೆ ಅಪ್ಪನದು ಒಂದೇ ಪ್ರಶ್ನೆ: "ಏನ್ ಕಲ್ತಿ ಇವತ್ತ?"

"ಶಾಲು ಜಾರದಂಗ ಕೈ ಮುಗಿಯೂದು ಕಲ್ತೆ!"

ಅಪ್ಪ ನಗಲಿಲ್ಲ. ಅವ್ವ ಮಾತ್ರ ಖುಷಿಯಾಗಿದ್ದಳು. ಟೀವಿಗೊಂದು ಶಾಲು, ಮಿಕ್ಸರಿಗೊಂದು ಶಾಲು ಹೊದಿಸಿದ್ದಳು.

ಎರಡು ತಿಂಗಳು ಮುಗಿಯುತ್ತ ಬಂದಾಗ ಬಬಲೇಶ್ವರದಲ್ಲಿ ಮತ್ತೊಂದು ಸನ್ಮಾನ. ಸರ್ ಮೈಕು ಹಿಡಿದು, "ಇಡೀ ಜಿಲ್ಲಾದಾಗ ಇಂಥಾ ಬುದ್ಧಿವಂತಿ ಇಲ್ರಿ" ಎಂದರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ವೇದಿಕೆ ಇಳಿಯುವಾಗ ಮುರಿಗೆವ್ವ ಎಂಬ ಮುದುಕಿ ನನ್ನ ಕೈ ಹಿಡಿದಳು. ನಮ್ಮ ಕಡೆ ಶಾಲು ಯಾರ ಹೆಗಲ ಮೇಲಿದೆಯೋ ಅವರೇ ದೊಡ್ಡವರು. ಆಕೆ ಸರ್ ಅವರನ್ನು ಬಿಟ್ಟು ನನಗೇ ಕಷ್ಟ ತೋಡಿಕೊಂಡಳು. ಆಕೆಯ ಹೊಲಕ್ಕೆ ಹೋಗುವ ದಾರಿಗೆ ಬಾಜೂ ಹೊಲದವನು ಮುಳ್ಳುತಂತಿ ಹೊಡೆದಿದ್ದ. ನಾನು ಕೇಳಿದೆ: ಆ ದಾರಿ ಎಷ್ಟು ವರ್ಷದ್ದು, ಬಂಡಿ ಹೋಗುತ್ತಿತ್ತೋ ಬರೀ ಕಾಲುದಾರಿಯೋ, ನೋಡಿದವರು ಯಾರಿದ್ದಾರೆ? ಎರಡು ತಿಂಗಳಲ್ಲಿ ನಾನು ಮಾಡಿದ ಮೊದಲ ವಕೀಲಿ ಕೆಲಸ ಅದೇ. ಅದೂ ಹೆಗಲ ಮೇಲಿನ ಶಾಲು ಎಳೆದುಕೊಳ್ಳುತ್ತ.

ಸೋಮವಾರ ಮುರಿಗೆವ್ವ ಆಫೀಸಿಗೇ ಬಂದಳು.

"ಆ ಶಾಲಿನ ವಕೀಲಬಾಯಾರು ಎಲ್ಲಿ ಅದಾರ್ರಿ? ನನ್ನ ಕೇಸು ಅವ್ರಿಗೇ ಕೊಡಾಕಿ ನಾ."

"ಅವ್ವಾರ, ಆಕಿ ಇನ್ನಾ ಕಲಿಯಾಕತ್ತಾಳ್ರಿ. ವಕೀಲಕಿ ಅಲ್ಲ," ಎಂದರು ಸರ್.

"ಮತ್ತ ಮೈಕಿನ್ಯಾಗ ನೀವ ಹೇಳಿದ್ರೆಲ್ಲಾ, ಇಡೀ ಜಿಲ್ಲಾದಾಗ ಇಂಥಾ ಬುದ್ಧಿವಂತಿ ಇಲ್ಲಂತ! ಅವತ್ತ ಸುಳ್ಳ ಹೇಳಿದ್ರೋ, ಇವತ್ತ ಹೇಳಾಕತ್ತೀರೋ?"

ಸಾಕ್ಷಿಗಳ ಬೆವರಿಳಿಸುವ ಗುರಲಿಂಗಪ್ಪನವರು ತಮ್ಮ ಬೆವರು ಒರೆಸಿಕೊಂಡರು. ಚೇತನಕುಮಾರ ಫೈಲಿನ ಹಿಂದೆ ಮುಖ ಮುಚ್ಚಿಕೊಂಡು ಕಿಸಕ್ಕನೆ ನಕ್ಕ. ಈಗ ಬಿಟ್ಟರೆ ಮತ್ತೆ ಸಿಗುವುದಿಲ್ಲ ಎಂದು ನಾನು ಎದ್ದು ನಿಂತೆ.

"ಸರ್, ಸನ್ಮಾನ ಸಾಕ್ರಿ. ನನಗ ಈ ಫೈಲು ಕೊಡ್ರಿ. ಅವ್ವಾರ ಹೇಳಿದ್ದಷ್ಟೂ ನನಗ ಗೊತ್ತದ. ದಾವೆ ನಾ ಬರೀತೇನಿ, ನೀವು ತಿದ್ರಿ, ಕೋರ್ಟಿನ್ಯಾಗ ನೀವ ಮಾತಾಡ್ರಿ."

ಸರ್ ಮೆಲ್ಲಗೆ ಹೇಳಿದರು, "ತಪ್ಪ ತಿಳಕೋಬ್ಯಾಡವಾ. ದಲಿತರ ಹುಡುಗೀನ್ನ ಕರಕೊಂಡ ಬಂದು ದುಡಿಸಾಕತ್ತಾನ ಅಂತ ಮಂದಿ ಅಂದಾರು ಅಂತ ಹೆದರಿದ್ದೆ."

"ದುಡಿಯಾಕಂತನ ಬಂದೇನ್ರಿ ಸರ್! ಸಂಬಳ ಮತ್ತ ಯಾತಕ್ಕ ಕೊಡ್ತೀರಿ?"

ಫೈಲು ನನ್ನ ಕೈಗೆ ಬಂತು. ಎರಡು ದಿನ ಕೂತು ಬರೆದೆ. ಸರ್ ಓದಿದರು. ಓದುತ್ತ ಓದುತ್ತ ಅವರ ಕಿವಿ ಕೆಂಪಾದವು. ಮುಂದೆ ನಿಂತವಳು ಯಾರು ಎನ್ನುವುದೇ ಅವರಿಗೆ ಮರೆತುಹೋಯಿತು.

"ಇದನ್ನ ದಾವೆ ಅಂತಾರೇನ? ದಾರಿ ಪೂರ್ವಕ್ಕ ಐತೋ ಪಶ್ಚಿಮಕ್ಕೋ? ನ್ಯಾಯಾಧೀಶರು ಹೊಲದಾಗ ಹುಡಿಕ್ಯಾಡಬೇಕೇನ? ಹರದ ಒಗಿ!"

ಚೇತನಕುಮಾರ ನನ್ನತ್ತ ಕುರ್ಚಿ ಸರಿಸಿ, "ಬರ್ರಿ, ಇಬ್ಬರೂ ಕೂಡೇ ಹರಿಯೂಣು" ಎಂದ. ನಾನು ಹರಿದೆ. ಮತ್ತೆ ಬರೆದೆ, ಮತ್ತೆ ಬೈಸಿಕೊಂಡೆ. ಮೂರನೆಯದಕ್ಕೆ ಸರ್ ಸಹಿ ಹಾಕಿದರು.

ಆ ಸಂಜೆ ಅಪ್ಪ ಎಂದಿನಂತೆ ಕೇಳಿದ, "ಏನ್ ಕಲ್ತಿ?"

"ಅಪ್ಪಾ, ಸರ್ ನನಗ ಬೈದ್ರು! ಚೇತನಗ ಬೈದಂಗನ ಬೈದ್ರು! ದಾವೆ ಬರದು ಮುಗಿಸಿದೆ."

ಅಪ್ಪ ಟ್ರಂಕಿನ ಕಡೆ ಕೈ ತೋರಿಸಿದ. ಅವ್ವ ಟ್ರಂಕಿನ ಮೇಲೆ ಹೊದಿಸಿದ್ದ ಶಾಲು ಕಿತ್ತೆಸೆದು, ಅಣ್ಣನ ಕರಿ ಕೋಟು ತೆಗೆದು ನನ್ನ ಭುಜಕ್ಕೆ ಹಿಡಿದು ನೋಡಿದಳು.

"ಇನ್ನಾ ಪರೀಕ್ಷಾ ಮುಗೀಬೇಕ ಬೇ," ಎಂದೆ.

"ಮುಗೀಲಿ ತಗೋ," ಎಂದಳು ಅವ್ವ, ಕಣ್ಣೊರೆಸಿಕೊಳ್ಳುತ್ತ. "ತೋಳು ಉದ್ದ ಆಗ್ಯಾವ. ಟೇಲರ್ ಹುಸೇನಸಾಬಗ ಈಗ ಕೊಟ್ಟರ ಹೊಲಿದು ಕೊಡಾಕ ಅವನೂ ಅಷ್ಟ ದಿನ ಹಚ್ಚತಾನ."