ಇಪ್ಪತ್ತೊಂಬತ್ತು ದಿನಗಳ ಒಡತಿ

ನರ್ಸಮ್ಮ ಬರುವುದಕ್ಕಿಂತ ಮೊದಲು ಅವರ ಚಪ್ಪಲಿ ಬರುತ್ತಿತ್ತು. ಮೂರು ವಾರ್ಡುಗಳಾಚೆಯಿಂದಲೇ ಪಟಪಟನೆ ತಮ್ಮ ಆಗಮನವನ್ನು ಸಾರುತ್ತ ಬರುವ ಆ ನಡಿಗೆಯನ್ನು ಸಹಿಸಲಾರದೆ, ಶಿಸ್ತಿನ ಮನುಷ್ಯರಾದ ಮುಖ್ಯ ವೈದ್ಯರು ಒಮ್ಮೆ ಮೆತ್ತನೆಯ ಅಟ್ಟೆಯ ಜೋಡೊಂದನ್ನು ತರಿಸಿಕೊಟ್ಟದ್ದೂ ಉಂಟು. ನರ್ಸಮ್ಮ ಅದನ್ನು ಬಹು ಗೌರವದಿಂದ ಸ್ವೀಕರಿಸಿ ಕಪಾಟಿನೊಳಗೆ ಇಟ್ಟುಬಿಟ್ಟರು. "ಅಳ್ತಾ ಕೂತಿರೋರಿಗೆ ಕಣ್ಣೊರೆಸಿಕೊಳ್ಳೋಕೆ ಸ್ವಲ್ಪ ಹೊತ್ತು ಬೇಡ್ವಾ ಸಾರ್?" ಎಂದರಂತೆ.

ಐವತ್ತು ದಾಟಿದ ಕುಳ್ಳನೆಯ ದೇಹ, ಯಾರೋ ಎತ್ತರದ ವೈದ್ಯರು ಬಿಟ್ಟುಹೋದ ಬಿಳಿಯ ಕೋಟು, ಮಡಚಿ ಮಡಚಿ ಮೊಣಕೈಗೇರಿಸಿದ ಅದರ ತೋಳು, ಮಾತಿಗೊಮ್ಮೆ "ಆಯ್ತು, ಆಮೇಲೆ?" ಎನ್ನುವ ಅಭ್ಯಾಸ. ಆದರೆ ಅವರನ್ನು ಊರಿಗೆಲ್ಲ ಪ್ರಸಿದ್ಧಗೊಳಿಸಿದ್ದು ಒಂದು ಪ್ರಶ್ನೆ. ಉಳಿದವರು ಪಿಸುಗುಟ್ಟಲೂ ಅಳುಕುವುದನ್ನು ಅವರು, ಜ್ವರ ಇದೆಯೇ ಎಂದು ವಿಚಾರಿಸುವ ಅದೇ ಸಹಜ ಕಂಠದಲ್ಲಿ ಕೇಳುತ್ತಿದ್ದರು: "ಸಾಯ್ಬೇಕು ಅಂತ ಅನ್ನಿಸ್ತಿದ್ಯಾ?" ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗದೇ ಎಂದು ಆಕ್ಷೇಪಿಸಿದವರಿಗೆ, "ಕೆಮ್ಮು ಇದ್ಯಾ ಅಂತ ಕೇಳಿದ್ರೆ ಕೆಮ್ಮು ಬರುತ್ತಾ?" ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಮನೆಗೆ ಬಂದ ನೆಂಟರನ್ನೂ ಎಲ್ಲಿ ಕೇಳಿಬಿಡುತ್ತಾಳೋ ಎಂದು ಅವರ ಯಜಮಾನರು ಕಾಫಿ ಮುಗಿಯುವವರೆಗೂ ಜೀವ ಕೈಯಲ್ಲಿ ಹಿಡಿದು ಕೂರುತ್ತಿದ್ದರಂತೆ.

ಅಷ್ಟು ದೊಡ್ಡ ಸೀಮೆಗೆಲ್ಲ ಇದ್ದವರು ಒಬ್ಬರೇ ಮನೋವೈದ್ಯರು. ಅವರೂ ಈ ಆಸ್ಪತ್ರೆಗೆ ಬರುತ್ತಿದ್ದುದು ತಿಂಗಳಿಗೊಂದು ಸಲ. "ಆ ಒಂದು ದಿನ ಅವರದು, ಮಿಕ್ಕ ಇಪ್ಪತ್ತೊಂಬತ್ತು ದಿನ ನನ್ನದು," ಎನ್ನುತ್ತಿದ್ದರು ನರ್ಸಮ್ಮ. ಆ ದಿನಗಳನ್ನು ಅವರು ಆಳುತ್ತಿದ್ದುದು ಮುರಿದ ಮಂಚಗಳನ್ನು ಒಟ್ಟಿದ್ದ ಒಂದು ಉಗ್ರಾಣದಿಂದ, ಎರಡು ಕುರ್ಚಿ, ಒಂದು ಫೋನು ಇಟ್ಟುಕೊಂಡು. ತಮ್ಮ ಪ್ರಶ್ನೆಗೆ "ಹೌದು" ಎಂದವರ ಬೆನ್ನನ್ನು ಅವರು ಬಿಡುತ್ತಿರಲಿಲ್ಲ.

ಇದನ್ನೆಲ್ಲ ನೋಡಿ ಅತಿ ಹೆಚ್ಚು ನಕ್ಕವನು ಔಷಧ ಕೊಡುವ ಕಿಟಕಿಯ ಕಾಂಪೌಂಡರ್. ಮಾತ್ರೆಗಿಂತ ಅವನ ಮಾತಿಗೇ ಕಾಯಿಲೆ ವಾಸಿಯಾಗುತ್ತದೆಂದು ಜನ ನಂಬಿದ್ದರು. ಹನ್ನೆರಡು ವರ್ಷದಿಂದ ನರ್ಸಮ್ಮನ ಜೊತೆಗೇ ಬುತ್ತಿ ಬಿಚ್ಚುತ್ತಿದ್ದವನು. ಅವರ ನಡಿಗೆಯನ್ನು ಅವರೆದುರಿಗೇ ನಡೆದು ತೋರಿಸಿ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದವನು. ಅಂಥವನು ಒಂದು ವಾರ ತನ್ನ ರೇಡಿಯೋವನ್ನು ಕಾವಲುಗಾರನಿಗೆ ಕೊಟ್ಟ, ಸೈಕಲ್ಲನ್ನು ಕಸಗುಡಿಸುವವಳ ಮಗಳಿಗೆ ಕೊಟ್ಟ. ಎಂಥ ಧಾರಾಳ ಮನಸ್ಸು ಎಂದು ಆಸ್ಪತ್ರೆಯೇ ಕೊಂಡಾಡಿತು. ನರ್ಸಮ್ಮನಿಗೆ ಅವನು ಕೊಟ್ಟದ್ದು ತನ್ನ ಮಸಿ ಪೆನ್ನು. "ಇಟ್ಕೊಳ್ಳಿ ಸಿಸ್ಟರ್, ನನಗಿನ್ನೇನು ಬರೆಯೋದಿದೆ?"

ಅದರ ಅರ್ಥ ನರ್ಸಮ್ಮನಿಗೆ ಹೊಳೆಯದಿರಲಿಲ್ಲ. ಆದರೂ ಅವರು ಕೇಳಲಿಲ್ಲ. ಹೊರಗಿನವರನ್ನು ಕೇಳುವುದು ಕರ್ತವ್ಯ. ಜೊತೆಯಲ್ಲಿ ಉಣ್ಣುವವನನ್ನು ಕೇಳುವುದು ಅವನನ್ನು ಅವಮಾನಿಸಿದಂತೆ ಎನ್ನಿಸಿತು. ಇಡೀ ಊರನ್ನು ಕೇಳಿದ ನಾಲಗೆ ಒಬ್ಬನ ಮುಂದೆ ಹತ್ತು ದಿನ ಹೊರಳಲಿಲ್ಲ. ಚಹಾ ಆಯ್ತಾ, ಅಕ್ಕ ಹೇಗಿದ್ದಾರೆ ಎಂದು ಸುತ್ತಿ ಬಳಸಿ ಬಂದು, ಅವನು ಏನಾದರೊಂದು ತಮಾಷೆ ಮಾಡಿದೊಡನೆ ಬದುಕಿದೆಯಾ ಬಡಜೀವವೇ ಎಂದುಕೊಂಡು ಹಿಂದಿರುಗುತ್ತಿದ್ದರು. ಈ ಹತ್ತು ದಿನಗಳಿಗಾಗಿ ಅವರು ತಮ್ಮನ್ನು ಎಂದೂ ಕ್ಷಮಿಸಿಕೊಳ್ಳಲಿಲ್ಲ.

ಹನ್ನೊಂದನೆಯ ದಿನ ಮಧ್ಯಾಹ್ನ, ರೋಗಿಗಳೆಲ್ಲ ಹೋದ ಮೇಲೆ, ಅವನು ಔಷಧದ ಕಪಾಟುಗಳ ಬೀಗದಕೈಗಳಿಗೆ ಒಂದೊಂದಾಗಿ ಹೆಸರಿನ ಚೀಟಿ ಕಟ್ಟುತ್ತಿದ್ದ.

"ಇದ್ಯಾಕೋ?"

"ನಾನಿಲ್ದಿದ್ರೂ ಹುಡುಕೋಕೆ ಕಷ್ಟ ಆಗ್ಬಾರ್ದಲ್ಲ."

ನರ್ಸಮ್ಮ ಕಿಟಕಿಯ ಬಾಗಿಲೆಳೆದು, ರಟ್ಟಿನ ಪೆಟ್ಟಿಗೆಯೊಂದರ ಮೇಲೆ ಕುಳಿತು, ಕೇಳಿದರು. ಆ ಪ್ರಶ್ನೆ ಕೇಳುವಾಗ ಅವರ ದನಿ ನಡುಗಿದ್ದು ಅದೊಂದೇ ಸಲ.

ಅವನು ತಮಾಷೆ ಮಾಡಲಿಲ್ಲ. ಕೈಯಲ್ಲಿದ್ದ ಚೀಟಿಯನ್ನು ಕೆಳಗಿಟ್ಟು, "ಎಲ್ಲರನ್ನೂ ಕೇಳ್ತೀರಿ, ನನ್ನನ್ನ ಯಾವಾಗ ಕೇಳ್ತೀರೋ ಅಂತ ಕಾಯ್ತಿದ್ದೆ," ಎಂದ.

"ತಪ್ಪಾಯ್ತಪ್ಪಾ," ಎಂದರು ನರ್ಸಮ್ಮ. "ಆಯ್ತು, ಆಮೇಲೆ?" ಕತ್ತಲಾಗುವವರೆಗೂ ಅವನು ಮಾತಾಡಿದ. ಹುಡುಕಿದರೂ ಅದರಲ್ಲಿ ಇದೇ ಕಾರಣವೆಂದು ಎತ್ತಿ ತೋರಿಸುವಂಥದ್ದು ಒಂದೂ ಇರಲಿಲ್ಲ. ತಿಂಗಳುಗಟ್ಟಲೆ ನಿದ್ರೆಯಿಲ್ಲ, ಯಾವುದರಲ್ಲೂ ರುಚಿಯಿಲ್ಲ, ನಗಿಸಿ ನಗಿಸಿ ಸುಸ್ತಾಗಿತ್ತು.

ಮನೋವೈದ್ಯರು ಬಂದುಹೋಗಿ ಎಂಟು ದಿನವಷ್ಟೇ ಆಗಿತ್ತು. ನರ್ಸಮ್ಮ ಫೋನಿನಲ್ಲೇ ಅವರನ್ನು ಹಿಡಿದು ಚಿಕಿತ್ಸೆ ಆರಂಭಿಸಿದರು. ಬೀಗದಕೈಗಳು ನರ್ಸಮ್ಮನ ಕೋಟಿನ ಜೇಬಿಗೆ ಬಂದವು. ಅವನ ಅಕ್ಕ ಹೆಣಿಗೆ ಹಿಡಿದು ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತರು. "ನೀವಿಬ್ಬರೂ ಹೀಗೆ ಕಾದರೆ ಮೊಟ್ಟೆಯಾದರೂ ಮರಿಯಾಗುತ್ತೆ," ಎಂದು ಮೂರನೆಯ ವಾರ ಅವನು ಗೊಣಗಿದಾಗ, ನರ್ಸಮ್ಮ ಉಗ್ರಾಣಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಸಂತೋಷಕ್ಕೆ ಅತ್ತರು.

ಅದೆಲ್ಲ ಆಗಿ ಆರು ವರ್ಷ. ಕಾಂಪೌಂಡರ್ ಅದೇ ಕಿಟಕಿಯಲ್ಲಿದ್ದಾನೆ, ಮೈ ಬಂದಿದೆ, ಬೀಗದಕೈಗಳು ಮತ್ತೆ ಅವನ ಬಳಿಯಲ್ಲೇ ಇವೆ. ಮೇಲಿನವರಿಗೆ ಅರ್ಜಿಯ ಮೇಲೆ ಅರ್ಜಿ ಗುಜರಾಯಿಸಿ, ಹಿಂದಕ್ಕೆ ಬಂದದ್ದನ್ನು ಮತ್ತೆ ಕಳಿಸಿ, ಮನೋವೈದ್ಯರು ವಾರಕ್ಕೊಮ್ಮೆ ಬರುವಂತೆ ಮಾಡಿದವನೂ ಅವನೇ. ನಿದ್ರೆಮಾತ್ರೆ ಕೇಳಲು ಬಂದವರನ್ನು ಅವನೀಗ ಸುಮ್ಮನೆ ಕಳಿಸುವುದಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ ತಾನೇ ಕೇಳುತ್ತಾನೆ, ನಂತರ ಒಳಗೆ ಕರೆದು ಕೂರಿಸುತ್ತಾನೆ.

ನರ್ಸಮ್ಮನಂಥವರನ್ನು ಗಟ್ಟಿ ಗುಂಡಿಗೆಯವರೆಂದು ಹೊಗಳಿ ಕೈತೊಳೆದುಕೊಳ್ಳುವುದು ನಮಗೆಲ್ಲ ಅನುಕೂಲ, ಏಕೆಂದರೆ ಆಗ ಆ ಕೆಲಸ ನಮ್ಮದಲ್ಲವೆಂದಾಗುತ್ತದೆ. ಅವರೂ ನಮ್ಮಷ್ಟೇ ಹೆದರುತ್ತಾರೆ, ತಡಮಾಡುತ್ತಾರೆ, ನಾಲಗೆ ಒಣಗಿಸಿಕೊಳ್ಳುತ್ತಾರೆ. ಆಮೇಲೆ ಒಂದು ದಿನ ಕೇಳಿಯೇಬಿಡುತ್ತಾರೆ, ಉತ್ತರ ಏನೇ ಬಂದರೂ ಎದ್ದುಹೋಗದೆ ಕುಳಿತಿರುತ್ತಾರೆ. ಲೋಕದಲ್ಲಿ ಎಷ್ಟೋ ಜನ ಬದುಕಿರುವುದು ಅಷ್ಟರಿಂದಲೇ.