ಹಗಲು ಹೊತ್ತಿನ ದೀಪ

ಕಣದಲ್ಲಿ ಹರಡಿದ್ದ ಕಾಫಿಯನ್ನು ಕಾಲಿನಿಂದ ಕೆದಕುತ್ತಿದ್ದ ಏಕಾಂತಯ್ಯ ತಲೆ ಎತ್ತಿದಾಗ ಎದುರಿನ ಗುಡ್ಡದ ತಿರುವಿನಲ್ಲಿ ಒಂದು ಕಾರು ಇಳಿಯುತ್ತಿತ್ತು. ಬೆಳಗಿನ ಹನ್ನೊಂದು ಗಂಟೆ, ಕಣ್ಣು ಬಿಡಲಾಗದ ಬಿಸಿಲು. ಅಂಥ ಬಿಸಿಲಿನಲ್ಲೂ ಕಾರಿನ ಮುಂದೆ ಎರಡು ಬಿಳಿ ದೀಪಗಳು ಉರಿಯುತ್ತಿದ್ದವು.

ಅವನ ಕಾಲು ನಿಂತಲ್ಲೇ ನಿಂತಿತು.

ಮಗ್ಗೆಯ ಪೇಟೆ ದಾಟಿ ಒಳಗೆ ಸೇರಿಕೊಂಡಿರುವ ಆ ಊರಿನಲ್ಲಿ ಹಗಲಲ್ಲಿ ದೀಪ ಹಾಕಿಕೊಂಡು ಗಾಡಿ ಬಂದರೆ ಅದಕ್ಕೆ ಒಂದೇ ಅರ್ಥ. ಬೈಕುಗಳ ದೀಪ ಈಗ ಹಗಲೂ ಉರಿಯುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಕಾರು, ಜೀಪು ಎಂದರೆ ಬೇರೆ ಮಾತು. ಆಸ್ಪತ್ರೆಯಿಂದ ಹೆಣ ತರುವವರು ದೀಪ ಹಾಕಿಕೊಂಡು ಬರುತ್ತಾರೆ. ಎದುರಾದವರು ಗಾಡಿ ಬದಿಗೆ ಹಾಕಿ ದಾರಿ ಬಿಡುತ್ತಾರೆ. ಊರಿನ ಎಲ್ಲೆಯಲ್ಲಿ ಮನೆಯ ಹಿರಿಯ ನಿಂತು, ಮುಂದಿನ ಚಕ್ರಕ್ಕೆ ಒಂದು ಚೊಂಬು ನೀರು ಹೊಯ್ದು, ಮನೆಯವರ ತಪ್ಪನ್ನೆಲ್ಲ ಹೊಟ್ಟೆಗೆ ಹಾಕಿಕೋ ಎಂದು ಸತ್ತವನನ್ನು ಕೇಳಿಕೊಳ್ಳಬೇಕು. ಆಮೇಲೆ ಗಾಡಿಯ ಮುಂದೆ ಬರಿಗಾಲಲ್ಲಿ ನಡೆಯಬೇಕು. ಏಕಾಂತಯ್ಯನ ಅಜ್ಜನ ಕಾಲದಲ್ಲಿ ಎತ್ತಿನಗಾಡಿಗೆ ಲಾಟೀನು ಕಟ್ಟುತ್ತಿದ್ದರಂತೆ. ಗಾಡಿ ಬದಲಾಯಿತು, ಪದ್ಧತಿ ಬದಲಾಗಲಿಲ್ಲ.

"ಏಕಾಂತಣ್ಣೋ!" ಪಕ್ಕದ ಮನೆಯ ಧರ್ಮ ಬೇಲಿಯಾಚೆಯಿಂದ ಕೂಗಿದ. "ನೋಡ್ದ್ರಾ? ದಯಾನಂದನ ಕಾರೇ ಕಣಣ್ಣ ಅದು. ಲೈಟ್ ಹಾಕ್ಕೊಂಡ್ ಬತ್ತಾ ಐತೆ. ಹೋಗ್ಬುಟ್ರು ಕಣಣ್ಣ ನಿಮ್ಮ ತಮ್ಮ!"

ದಯಾನಂದ ಎಂದರೆ ಏಕಾಂತಯ್ಯನ ತಮ್ಮ ತೋಟಪ್ಪನ ಅಳಿಯ, ಆಲೂರಿನವನು. ನಾಲ್ಕು ದಿನದ ಹಿಂದೆ ಎದೆ ಹಿಡಿದುಕೊಂಡು ಬಿದ್ದ ತೋಟಪ್ಪನನ್ನು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಅವನೇ. ಊರಿನ ಅರ್ಧ ಜನ ಹೋಗಿ ನೋಡಿ ಬಂದಿದ್ದರು. ಸ್ವಂತ ಅಣ್ಣ ಹೋಗಿರಲಿಲ್ಲ. ಹೋಗಿಲ್ಲವೇಕೆ ಎಂದು ಅವನನ್ನು ಯಾರೂ ಕೇಳಿರಲಿಲ್ಲ, ಯಾಕೆಂದರೆ ತಪ್ಪು ತಮ್ಮನದೇ ಎಂದು ಊರು ಹದಿನೇಳು ವರ್ಷದ ಹಿಂದೆಯೇ ತೀರ್ಮಾನ ಮಾಡಿತ್ತು.

ಆಗ ತೋಟಪ್ಪ ಹೊಂಗಡಹಳ್ಳದ ಕಡೆ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ. ಅವ್ವ ತೀರಿಕೊಳ್ಳುವುದಕ್ಕೆ ಒಂದು ವಾರ ಮೊದಲು ಬಂದವನು, ಅವ್ವನನ್ನು ಇನ್ನೂ ಆಸ್ಪತ್ರೆಗೆ ತೋರಿಸಿಲ್ಲವೆಂದು ಅಂಗಳದಲ್ಲಿ ನಿಂತು, ನಾಲ್ಕು ಜನರೆದುರು ಅಣ್ಣನನ್ನು ಬಾಯಿಗೆ ಬಂದಂತೆ ಬೈದು ಹೋಗಿದ್ದ. ಅವ್ವ ಹೋದಳು. ತಮ್ಮನಿಗೆ ಫೋನ್ ಮಾಡಿದೆ, ಬರುವುದಿಲ್ಲ ಅಂದ ಎಂದು ಏಕಾಂತಯ್ಯ ಊರಿಗೆ ಹೇಳಿದ. ಮೂರನೆಯ ದಿನ ಸುದ್ದಿ ತಾನಾಗಿ ತಿಳಿದು ತೋಟಪ್ಪ ಓಡಿಬಂದಾಗ ಅವನಿಗೆ ನೀರು ಕೊಟ್ಟವರೂ ಇಲ್ಲ. ನನಗೆ ಯಾರೂ ಹೇಳಲಿಲ್ಲ ಎಂದು ಅವನು ಎಷ್ಟು ಬಡಿದುಕೊಂಡರೂ ಯಾರು ನಂಬುತ್ತಾರೆ? ಏಕಾಂತಯ್ಯ ಸುಳ್ಳು ಹೇಳುವವನಲ್ಲ. ಊರಿನ ಪಂಚಾಯ್ತಿಯಲ್ಲಿ ಅವನ ಮಾತೇ ಕೊನೆಯ ಮಾತು. ಹೆತ್ತವ್ವನ ಮಣ್ಣಿಗೆ ಬರದ ಮಗ ಎಂಬ ಹೆಸರನ್ನು ತೋಟಪ್ಪ ಹೊತ್ತ. ಕೆಲಸ ಬಿಟ್ಟು ಊರಿನ ಮೇಲುಗಡೆ ಮನೆ ಕಟ್ಟಿಕೊಂಡು ಬಂದ ಮೇಲೂ ಅದನ್ನು ಇಳಿಸಲಾಗಲಿಲ್ಲ.

ಕಾರು ಹಳ್ಳದ ಸೇತುವೆಯ ಹತ್ತಿರ ಮರೆಯಾಯಿತು. ಇನ್ನು ಹತ್ತು ನಿಮಿಷ. ಹೆಂಡತಿ ಶೀಲಾ ಒಳಗಿನಿಂದ ಚೊಂಬು ತಂದು ಎದುರಿಗೆ ಹಿಡಿದಳು. ಅವಳ ಕೆನ್ನೆ ಆಗಲೇ ಒದ್ದೆಯಾಗಿತ್ತು.

"ನಾನ್ ಹೋಗಲ್ಲ ಕಣೆ," ಎಂದ ಏಕಾಂತಯ್ಯ. ದನಿ ಅವನದೇ ಅನ್ನಿಸಲಿಲ್ಲ.

"ಹಿರೀರು ನೀವೇ ತಾನೆ? ನೀವ್ ನೀರು ಹೊಯ್ದೆ ಇನ್ಯಾರು ಹೊಯ್ತಾರೆ? ಸತ್ತೋನ ಮೇಲೂ ಹಗೆನಾ?"

ಹಗೆಯಲ್ಲ, ಭಯ ಎಂದು ಅವಳಿಗೆ ಹೇಗೆ ಹೇಳುವುದು. ಅವನು ಚೊಂಬು ತೆಗೆದುಕೊಂಡ. ಚಪ್ಪಲಿಯನ್ನು ಕಣದ ಅಂಚಿಗೇ ಬಿಟ್ಟ.

ಎಲ್ಲೆಯ ತಿರುವಿಗೆ ಬರುವಷ್ಟರಲ್ಲಿ ಇಪ್ಪತ್ತು ಮೂವತ್ತು ಜನ ಸೇರಿದ್ದರು. ಧರ್ಮ ದಾರಿಯುದ್ದಕ್ಕೂ ಸುದ್ದಿ ಸಾರಿಕೊಂಡೇ ಬಂದಿದ್ದ. ಇಂಥ ಕೆಲಸಕ್ಕೆ ಅವನನ್ನು ಯಾರೂ ಕರೆಯಬೇಕಾಗಿಲ್ಲ. ಕಾರು ಏರು ಹತ್ತಿ ಎದುರಾದಾಗ ಹೆಂಗಸರು ಒಮ್ಮೆಲೇ ಗೋಳಿಟ್ಟರು. ಕಾರು ನಿಂತಿತು. ಮುಂದಿನ ಗಾಜಿನಾಚೆ ಸ್ಟೀರಿಂಗ್ ಹಿಡಿದು ಬಾಯಿಬಿಟ್ಟು ಕುಳಿತ ದಯಾನಂದ, ಪಕ್ಕದಲ್ಲಿ ತೋಟಪ್ಪನ ಹೆಂಡತಿ ಜಗದಾಂಬ. ಅವಳು ಕಣ್ಣು ಮುಚ್ಚಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಹಿಂದಿನ ಕಿಟಕಿಯ ಗಾಜಿನ ಸಂದಿಗೆ ಸಿಕ್ಕಿಸಿದ ಬಿಳಿ ಟವೆಲ್ಲು ಒಳಗಿದ್ದವನನ್ನು ಮರೆಮಾಡಿತ್ತು. ಏಕಾಂತಯ್ಯನಿಗೆ ಇನ್ನೇನೂ ಅನುಮಾನ ಉಳಿಯಲಿಲ್ಲ.

ಅವನು ಚಕ್ರಕ್ಕೆ ನೀರು ಹೊಯ್ದ. ಆ ಕ್ಷಣಕ್ಕೆ ಸರಿಯಾಗಿ ದೀಪಗಳೆರಡೂ ಆರಿದವು. ಆರಿದ್ದು ದೀಪವಲ್ಲ, ತಮ್ಮನೇ ಅನ್ನಿಸಿ, ಹಿಂದಿನ ಬಾಗಿಲಿಗೆ ಹೋಗಿ ಟವೆಲ್ಲಿನ ಎದುರು ನಿಂತ.

"ಮನೇರ ತಪ್ಪೆಲ್ಲ ಹೊಟ್ಟೆಗಾಕ್ಕೊ ತೋಟಾ," ಎಂದ. ಪದ್ಧತಿಯ ಮಾತು ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. "ಮನೇರ ತಪ್ಪಲ್ಲ ಕಣೋ, ನಂದೇ. ಅವ್ವ ಹೋದ್ ದಿನ ನಿಂಗೆ ನಾನು ಫೋನ್ ಮಾಡ್ಲೇ ಇಲ್ಲ. ಬಾಳ್ಳುಪೇಟೆ ಬೂತಿನ ಮುಂದೆ ನಿಂತ್ಕೊಂಡು ಒಂದು ಬೀಡಿ ಸೇದಿ ವಾಪಸ್ ಬಂದ್ಬುಟ್ಟೆ. ಬರಲ್ಲ ಅಂದ ಅಂತ ಸುಳ್ಳೇಳ್ದೆ. ಅಷ್ಟು ಜನರ ಮುಂದೆ ನನ್ನ ಬೈದಿದ್ದೆಯಲ್ಲ, ಆ ಸಿಟ್ಟು. ಆಮೇಲೆ ಹೇಳಾನ ಅಂದ್ಕೊಂಡೆ, ಬಾಯಿ ಬರ್ಲಿಲ್ಲ ಕಣೋ. ಒಂದಿನಾನೂ ಬರ್ಲಿಲ್ಲ."

ಗೋಳಾಟ ನಿಂತುಹೋಗಿತ್ತು. ಶೀಲಾ ಗಂಡನನ್ನು ಇವತ್ತೇ ಮೊದಲ ಸಲ ಕಂಡವಳ ಹಾಗೆ ನೋಡುತ್ತಿದ್ದಳು.

ಆಗ ಗಾಜು ಕೆಳಗಿಳಿಯಿತು. ಬಿಸಿಲಿಗೆ ಮರೆಯಾಗಿ ಸಿಕ್ಕಿಸಿದ್ದ ಟವೆಲ್ಲು ಜಾರಿ ರಸ್ತೆಗೆ ಬಿತ್ತು. ಒಳಗೆ ತೋಟಪ್ಪ ದಿಂಬಿಗೆ ಒರಗಿ ಕುಳಿತಿದ್ದ. ಮುಖ ಇಳಿದಿತ್ತು, ಮಣಿಕಟ್ಟಿನಲ್ಲಿ ಆಸ್ಪತ್ರೆಯ ಪಟ್ಟಿ. ಅವನ ಒಂದು ಕೈ ಮುಂದಿನ ಸೀಟಿನ ಮೇಲೆ, ಅಳಿಯನ ಭುಜವನ್ನು ಬಿಗಿಯಾಗಿ ಅದುಮಿ ಹಿಡಿದಿತ್ತು. ಮಾತಾಡಬೇಡ ಎಂದು ಅದುಮಿದ ಕೈ ಅದು.

ಧರ್ಮ "ಅಯ್ಯಯ್ಯಪ್ಪಾ" ಎಂದು ನಾಲ್ಕು ಹೆಜ್ಜೆ ಹಿಂದಕ್ಕೆ ಹಾರಿದ. ಏಕಾಂತಯ್ಯನ ಕೈಯಿಂದ ಚೊಂಬು ಬಿದ್ದು ಇಳಿಜಾರಿನಲ್ಲಿ ಠಣಠಣ ಉರುಳಿತು. ತಮ್ಮ ಬದುಕಿದ್ದಾನೆಂದು ಎದೆ ಹಿಗ್ಗುತ್ತಿತ್ತು. ಕೇಳಿಸಿಕೊಂಡುಬಿಟ್ಟನೆಂದು ಅದೇ ಎದೆ ಕುಸಿಯುತ್ತಿತ್ತು.

"ದೊಡ್ಡಮಾವ, ಲೈಟ್ ನಾನ್ ಹಾಕಿದ್ದಲ್ಲ," ದಯಾನಂದ ಕೆಳಗಿಳಿದು ತೊದಲಿದ. ಏನಾದರೂ ಹೇಳಲೇಬೇಕಿತ್ತು, ಪಾಪ, ಅವನಿಗೆ ಗೊತ್ತಿದ್ದದ್ದು ಅದೊಂದೇ. "ಇಂಜಿನ್ ಸ್ಟಾರ್ಟ್ ಆದ್ರೆ ತಾನೇ ಹತ್ಕೊಳ್ತದೆ, ಆಫ್ ಮಾಡಕ್ಕೆ ಸ್ವಿಚ್ಚೇ ಇಲ್ಲ. ಹ್ಯಾಂಡ್ ಬ್ರೇಕ್ ಎಳುದ್ರೆ ಮಾತ್ರ ಆರ್ತದೆ. ನಮಗೆ ದಾರಿ ಕಾಣಕ್ಕಲ್ಲ, ಎದ್ರು ಬರೋರಿಗೆ ನಮ್ಮ ಗಾಡಿ ಕಾಣ್ಲಿ ಅಂತ ಇರೋದು. ಮೊದ್ಲಿದ್ದ ಬಲ್ಬು ಮಂಕಾಗಿ ಹಳದಿಗಿತ್ತು, ಬಿಸಿಲಲ್ಲಿ ಗೊತ್ತೇ ಆಗ್ತಿರ್ಲಿಲ್ಲ. ಅದು ಸುಟ್ಟೋಯ್ತು ಅಂತ ಮೊನ್ನೆ ಹಾಸನದಲ್ಲಿ ಈ ಬಿಳಿ ಎಲ್‌ಇಡಿ ಹಾಕಿಸ್ದೆ. ಹಳೇ ತರದ್ದೇ ಹಾಕ್ಸಣ್ಣ, ಇದು ಬಾಳ ಬೆಳಕು ಅಂತ ಅಂಗಡಿಯೋನೂ ಅಂದ. ನಾನೇ ಕೇಳ್ಲಿಲ್ಲ."

"ಹಂಗಾದ್ರೆ ಜಗದಾಂಬಕ್ಕ ಅಳ್ತಾ ಇದ್ದಿದ್ದು?" ಎಂದ ಧರ್ಮ.

ಜಗದಾಂಬ ಸೆರಗು ತೆಗೆದು ಇನ್ನೊಂದು ಕೈಯಲ್ಲಿದ್ದ ನಿಂಬೆಹಣ್ಣನ್ನು ತೋರಿಸಿದಳು. ತಿರುವುಗಳಲ್ಲಿ ಅವಳಿಗೆ ಹೊಟ್ಟೆ ತೊಳೆಸುತ್ತದೆ. ಈಗ ಮಾತ್ರ ಅವಳು ನಿಜವಾಗಿ ಅಳುತ್ತಿದ್ದಳು.

ಯಾರೂ ನಗಲಿಲ್ಲ. ತೋಟಪ್ಪ ಅಣ್ಣನ ಮೇಲಿನಿಂದ ಕಣ್ಣು ತೆಗೆದಿರಲಿಲ್ಲ.

"ಫೋನ್ ಮಾಡ್ಲೇ ಇಲ್ವಾ ಅಣ್ಣ?"

ಸತ್ತವನಿಗೆ ಹೇಳಿದ ಮಾತನ್ನು ಬದುಕಿರುವವನ ಕಣ್ಣೆದುರು ಹೇಳುವುದು ಎಷ್ಟು ಕಷ್ಟವೆಂದು ಏಕಾಂತಯ್ಯನಿಗೆ ಆಗ ಗೊತ್ತಾಯಿತು. ಸುತ್ತ ನಿಂತ ಊರು ಅವನ ಬಾಯನ್ನೇ ನೋಡುತ್ತಿತ್ತು. ದುಃಖದಲ್ಲಿ ಏನೋ ಅಂದುಬಿಟ್ಟೆ ಎಂದರೆ ಈಗಲೂ ಅರ್ಧ ಊರು ನಂಬುತ್ತಿತ್ತು.

"ಇಲ್ಲ," ಎಂದ. "ಮಾಡ್ಲಿಲ್ಲ ಕಣೋ."

ತೋಟಪ್ಪ ಕಿಟಕಿಯ ಅಂಚು ಹಿಡಿದು ಮುಂದಕ್ಕೆ ಬಾಗಿದ. ಬೈಯುತ್ತಾನೆ ಎಂದು ಎಲ್ಲರೂ ಅಂದುಕೊಂಡರು, ಅಣ್ಣ ಬೈಯಲೆಂದೇ ಕಾದು ನಿಂತ.

"ಅವ್ವನ್ನ ಮಣ್ಣು ಮಾಡಿದ್ ಗುಡ್ಡೆ ತಾವ ಕರ್ಕಂಡ್ ಹೋಗು. ನಾನಿನ್ನೂ ಮಣ್ಣಾಕಿಲ್ಲ."

"ಡಾಕ್ಟ್ರು ಇಳ್ದು ನಡೀಬೇಡಿ ಅಂದವ್ರೆ ಮಾವ," ಎಂದ ದಯಾನಂದ.

"ಕಾರಲ್ಲೇ ಬತ್ತೀನಿ. ಅಣ್ಣ ಮುಂದೆ ನಡೀಲಿ."

ದಯಾನಂದ ಕಾರು ಹತ್ತಿ ಹ್ಯಾಂಡ್ ಬ್ರೇಕ್ ಇಳಿಸಿದ. ದೀಪಗಳೆರಡೂ ಮತ್ತೆ ಹತ್ತಿಕೊಂಡವು. ಏಕಾಂತಯ್ಯ ಬರಿಗಾಲಲ್ಲಿ ಮುಂದೆ ಮುಂದೆ ನಡೆದ. ಕಾದ ಜಲ್ಲಿ ಅಂಗಾಲು ಸುಡುತ್ತಿತ್ತು. ಕಾರು ಅವನ ಹೆಜ್ಜೆಗೆ ತಕ್ಕಂತೆ ತೆವಳುತ್ತ ಹಿಂದೆ ಬಂತು. ಹಿಂತಿರುಗಿ ನೋಡುವ ಧೈರ್ಯ ಅವನಿಗೆ ಬರಲಿಲ್ಲ.

ಕೆರೆಯ ಏರಿಯ ಮೇಲೆ ಗೊಬ್ಬರದ ಮೂಟೆ ಹೇರಿದ ಪಿಕಪ್ಪೊಂದು ಎದುರಾಯಿತು. ಡ್ರೈವರು ಯಾವುದೋ ಬೇರೆ ಊರಿನವನು. ಉರಿಯುವ ದೀಪಗಳನ್ನೂ ಅವುಗಳ ಮುಂದೆ ಬರಿಗಾಲಲ್ಲಿ ಬರುತ್ತಿದ್ದ ಮುದುಕನನ್ನೂ ನೋಡಿ ಗಾಡಿಯನ್ನು ಬದಿಗೆ ಹಾಕಿದ. ಇಂಜಿನ್ ಆರಿಸಿ ಕೆಳಗಿಳಿದು, ತಲೆಗೆ ಸುತ್ತಿದ್ದ ಟವೆಲ್ಲನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಅವರು ದಾಟಿ ಹೋಗುವವರೆಗೆ ತಲೆ ತಗ್ಗಿಸಿ ನಿಂತ.